ಒಂದು ಕಿವಿ ಇಲ್ಲದ ರೇಡಿಯೋ

ನಮ್ಮ ಮನಿಗಿ ಬಂದೋರು ಎಲ್ಲಾರೂ ಪಡಸಾಲಿ ಗ್ವಾಡಿಗಿ ಹೊಡೆದ ಆ ಕಟ್ಟಿಗಿ ರೇಡಿಯೋ ಡಬ್ಬಿ ನೋಡ್ತಾರ. ಒಳಗ ಹಚ್ಚಿದ ಸಣ್ಣ ಲೈಟ್ ನೋಡ್ತಾರ, ಅದರಾಗ ಇಟ್ಟ ಅಪ್ಪನ ಫೋಟೋ ನೋಡ್ತಾರ, "ಭಾಳ ಚೊಲೋ ಆಗ್ಯದ ನೋಡವ್ವಾ" ಅಂತಾರ. ಆಮ್ಯಾಲ ಎಲ್ಲಾರದೂ ಒಂದೇ ಮಾತು: "ಎಡಗಡಿ ಗುಂಡಿ ಅದ, ಬಲಗಡಿದು ಎಲ್ಲಿ ಹೋಯ್ತು?"

ಒಬ್ಬರಿಗಿ ಅರ್ಧ ಹೇಳೀನಿ, ಇನ್ನೊಬ್ಬರಿಗಿ ಇನ್ನರ್ಧ ಹೇಳೀನಿ. ಬಾಜೂಮನಿ ಕಾಕಿಗಿ ಅಂತೂ "ಹುಡುಗಿ ಕಳೆದಾಳ" ಅಂತ ಸುಳ್ಳೇ ಹೇಳೀನಿ. ಅದಕ್ಕ ಇವತ್ತು ಕುಂತು ಪೂರಾ ಬರೀಲಕತ್ತೀನಿ. ಹಳೇ ಟೀವಿ, ರೇಡಿಯೋ, ಟೇಪಿನಿಂದ ಮನಿಗಿ ಅಲಂಕಾರ ಹ್ಯಾಂಗ ಮಾಡ್ಬೇಕು ಅಂತ ನೀವು ಕೇಳಿದ್ರಿ. ಅದೂ ಹೇಳ್ತೀನಿ. ಆದ್ರ ಮಾಡೋಕಿಂತ ಮದಲ ಏನು ನೋಡ್ಬೇಕು ಅನ್ನೋದು ನನಗ ಮಾಡಿದ ಮ್ಯಾಲ ಗೊತ್ತಾಯ್ತು.

ನನ್ನ ತವರುಮನಿ ಹುಮನಾಬಾದ, ಕೊಟ್ಟ ಮನಿ ಬಸವಕಲ್ಯಾಣ, ಅದು ನಿಮಗ ಗೊತ್ತದ. ಅಪ್ಪಂದು ಹುಮನಾಬಾದದಾಗ ರೇಡಿಯೋ ರಿಪೇರಿ ಅಂಗಡಿ ಇತ್ತು. ವೀರಭದ್ರೇಶ್ವರ ಗುಡಿಗಿ ಹೋಗೋ ದಾರ್ಯಾಗ ಒಂದು ಸಣ್ಣ ಖೋಲಿ, ಇಬ್ಬರು ಕುಂತ್ರ ಮೂರನೇದವರು ಹೊರಗ ನಿಲ್ಲಬೇಕು. ಆಗಿನ ರೇಡಿಯೋ ಅಂದ್ರ ಈಗಿನಂಗ ಕಿಸೇದಾಗ ಹಿಡಿಯೋ ಸಾಮಾನಲ್ಲ. ಮರ್ಫಿ, ಬುಷ್, ಫಿಲಿಪ್ಸ್, ಎಲ್ಲಾ ಕಟ್ಟಿಗಿ ಡಬ್ಬಿ, ಒಳಗ ಗಾಜಿನ ವಾಲ್ವ್. ಚಾಲು ಮಾಡಿದ್ರ ಕೂಡ್ಲೇ ಮಾತಾಡಂಗಿಲ್ಲ, ವಾಲ್ವ್ ಬಿಸಿ ಆಗೋತನಕ ಕಾಯಬೇಕು. ರೇಡಿಯೋ ಇಟ್ಕೊಂಡೋರು ಪೋಸ್ಟಿನಾಗ ವರ್ಷಾ ರೊಕ್ಕ ಕಟ್ಟಿ ಲೈಸೆನ್ಸ್ ಮಾಡಿಸ್ಬೇಕಿತ್ತು, ಅದಕ್ಕೊಂದು ಪುಸ್ತಕ ಇರ್ತಿತ್ತು. 1966ರಾಗ ಗುಲಬರ್ಗಾ ಆಕಾಶವಾಣಿ ಚಾಲು ಆದ ಮ್ಯಾಲ ನಮ್ಮ ಕಡಿ ಮಂದಿಗಿ ನಮ್ಮ ಭಾಷಾ ಸಮೀಪದಿಂದ ಕೇಳಿಸ್ಲಕತ್ತಿತು. ಅದಕ್ಕ ಮದಲ ಹೈದರಾಬಾದ, ಧಾರವಾಡ, ಮತ್ತ ಬುಧವಾರ ರಾತ್ರಿ ರೇಡಿಯೋ ಸಿಲೋನದಾಗ ಬಿನಾಕಾ ಗೀತಮಾಲಾ. ಅದರ ಸಲಾಕಿನೇ ಮಂದಿ ಮಂಗಳವಾರ ರೇಡಿಯೋ ತಂದು "ನಾಳಿಗಿ ಆಗ್ಲೇಬೇಕು" ಅಂತ ಕಾಡ್ತಿದ್ರು ಅಂತ ಅಪ್ಪ ನಕ್ಕೋತ ಹೇಳ್ತಿದ್ದ.

ಅಪ್ಪ ರೇಡಿಯೋದ ಗುಂಡಿಗಿ "ಕಿವಿ" ಅಂತಿದ್ದ. ಎಡಗಿವಿ ಹಿಂಡಿದ್ರ ಆವಾಜ, ಬಲಗಿವಿ ಹಿಂಡಿದ್ರ ಊರು ಬದಲಾಗ್ತದ ಅಂತಿದ್ದ.

1987ರಾಗ ರಾಮಾಯಣ ಬಂದಾಗ ಅಪ್ಪಗ ಟೀವಿ ಕೆಲಸ ಹೆಚ್ಚಾಯ್ತು. ಐತವಾರ ಮುಂಜಾನಿ ಅವನಿಗಿ ಚಹಾ ಕುಡೀಲಕ್ಕೂ ಪುರಸತ್ತು ಇರ್ತಿರಲಿಲ್ಲ. ಯಾರದೋ ಮಾಳಿಗಿ ಮ್ಯಾಲ ಏರಿ ಅಂಟೆನಾ ತಿರುವ್ತಾ ನಿಂತಿರ್ತಿದ್ದ. ಆಮ್ಯಾಲ ಟೇಪ್ ರೆಕಾರ್ಡರ್ ಬಂತು, ಸೀಡಿ ಬಂತು, ಕೊನಿಗಿ ಮೊಬೈಲ್ ಬಂದು ಎಲ್ಲಾ ನುಂಗಿತು. ಅಂಗಡಿ ಬಂದ್ ಆಯ್ತು. ಉಳಿದ ಸಾಮಾನೆಲ್ಲಾ ಮನಿ ಅಟ್ಟಕ್ಕ ಏರಿತು. ಅಪ್ಪ ಹೋಗಿ ಈಗ ಮೂರು ವರ್ಷ ಆಯ್ತು.

ಹೋದ ವರ್ಷ ಎಳ್ಳಮಾಸಿ ಮುಗಿದ ಮ್ಯಾಲ ಅಣ್ಣ ಹಳೇ ಮಾಳಿಗಿ ತೆಗೆದು ಸ್ಲ್ಯಾಬ್ ಹಾಕಿಸ್ಲಕ ಹೊಂಟ. ಅಟ್ಟ ಖಾಲಿ ಮಾಡಬೇಕಾಯ್ತು. ಭಂಗಾರದವ ಬಾಗಿಲಾಗ ತಕ್ಕಡಿ ಹಿಡ್ಕೊಂಡು ನಿಂತಿದ್ದ. ನಮ್ಮ ಹುಡುಗಿ ಸಣ್ಣಾಕಿದ್ದಾಗ ಭಂಗಾರ ಅಂದ್ರ ಬಂಗಾರ ಅಂತ ತಿಳ್ಕೊಂಡು, "ಅವ್ವಾ, ಬಂಗಾರ ತೊಗೊಳ್ಳೋ ಅಂಕಲ್ ಬಂದಾನ" ಅಂತ ಓಡಿ ಬರ್ತಿದ್ಳು. ಅಪ್ಪ ಜೀವನಪೂರ್ತಿ ಮುಟ್ಟಿದ ಸಾಮಾನು ಕಿಲೋ ಲೆಕ್ಕದಾಗ ಹೋಗೋದು ನೋಡಿ ನನಗ ತಡಕೊಳ್ಳಲಕ ಆಗಲಿಲ್ಲ. "ಅಣ್ಣಾ, ಎರಡು ಚೀಲ ನನಗ ಕೊಡು" ಅಂದೆ. "ಒಯ್ಯಿ, ನನಗೇನು" ಅಂದ. ವೈನಿ ಮಾತ್ರ, "ನೀವು ಒಯ್ದು ಒಯ್ದು ಕಸಾ ಒಯ್ಲಕತ್ತೀರಲ್ಲ" ಅಂತ ನಕ್ಕಳು.

ಬಸ್ಸಿನಾಗ ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಸೊನ್ನಿ ಟಿಕೆಟ್ ಕೊಟ್ಟ, ಆಮ್ಯಾಲ ಚೀಲ ನೋಡಿ, "ಅಕ್ಕಾರ, ನಿಮಗ ಫ್ರೀ ಅದ. ಇವಕ್ಕ ಆಧಾರ್ ಅದ ಏನ್ರಿ?" ಅಂದ. ಬಸ್ಸೆಲ್ಲಾ ನಕ್ಕಿತು.

ಈಗ ಏನೇನು ಮಾಡಿದೆ ಹೇಳ್ತೀನಿ, ಕೇಳ್ರಿ.

ಹಳೇ ಸ್ಪೀಕರಿನ ಹಿಂದ ಒಂದು ಗುಂಡ ಅಯಸ್ಕಾಂತ ಇರ್ತದ. ಅದನ್ನ ತೆಗೆದು, ಸುತ್ತ ಹತ್ತಿ ಇಟ್ಟು, ಹಳೇ ಇಳಕಲ್ ಸೀರಿ ತುಂಡು ಹೊಲಿದ್ರ ಸೂಜಿ ಇಡೋ ಗಾದಿ ಆಗ್ತದ. ಸೂಜಿ ಕೆಳಗ ಬಿದ್ರ ಅದನ್ನೇ ನೆಲದ ಮ್ಯಾಲ ಆಡಿಸ್ರಿ, ತಾನೇ ಬಂದು ಹತ್ತತದ. ಕುಬಸ ಹೊಲಿಯೋ ನಮ್ಮ ಓಣಿ ಅಕ್ಕನೋರಿಗಿ ನಾಕು ಮಾಡಿ ಕೊಟ್ಟೀನಿ.

ಕ್ಯಾಸೆಟ್ಟಿನ ಪಾರದರ್ಶಕ ಡಬ್ಬಿ ಟಿಕಳಿ, ಪಿನ್ನು, ಕಿವ್ಯಾನ ಇಡಲಕ ಭಾಳ ಚೊಲೋ. ಹತ್ತು ಡಬ್ಬಿ ಒಂದರ ಮ್ಯಾಲ ಒಂದು ಅಂಟಿಸಿದ್ರ ಸಣ್ಣ ಕಪಾಟ ಆಗ್ತದ. ಹಳೇ ಸೀಡಿಗಿ ದಾರ ಕಟ್ಟಿ ಮಾಳಿಗಿ ಮ್ಯಾಲ ಇಳಿಬಿಟ್ಟೀನಿ. ಬಿಸಲಿಗಿ ಹೊಳೀತಾವ, ಗಾಳಿಗಿ ತಿರಗತಾವ. ಸಂಡಿಗಿ, ಹಪ್ಪಳ ಒಣ ಹಾಕಿದಾಗ ಹಕ್ಕಿ ಹತ್ತರ ಬರಂಗಿಲ್ಲ. ಒಂದು ವಾರ ಆದ ಮ್ಯಾಲ ಹಕ್ಕಿಗೂ ರೂಢಿ ಆಗ್ತದ, ಆಗ ಜಾಗಾ ಬದಲಿ ಮಾಡ್ರಿ.

ತಿರುವೋ ಡಯಲಿನ ಹಳೇ ಟೆಲಿಫೋನ ಒಂದಿತ್ತು. ಅದನ್ನ ಹುಡುಗಿ ಕೆಂಪು ಬಣ್ಣ ಹಚ್ಚಿ ಕಿಟಕ್ಯಾಗ ಇಟ್ಟಾಳ. ರಿಸೀವರ್ ಇಡೋ ಜಾಗಾದಾಗ ಸಣ್ಣ ಕುಂಡಲಿ ಕೂಡಿಸಿ ಮನಿಪ್ಲಾಂಟ್ ಹಚ್ಚ್ಯಾಳ. ಅತ್ತಿ ಮುಂಜಾನಿ ಅದಕ್ಕ ನೀರ ಹಾಕುವಾಗ "ಹಲೋ" ಅಂತಾರ.

ರೇಡಿಯೋ, ಟೀವಿ ಒಳಗಿನ ಪ್ಲೇಟ್ ನೋಡೀರಿ ಏನು, ಸಾಮಾನೆಲ್ಲಾ ಕೂಡಿಸಿದ ಪ್ಲೇಟ್? ಅದರ ಹಿಂದಿನ ಮಗ್ಗಲಾಗ ಕಂದು ಬಣ್ಣದ ಮ್ಯಾಲ ಸೋಲ್ಡರಿನ ಬೆಳ್ಳನ ಗೆರಿ ಇರ್ತಾವ. ಅದು ನೋಡಿದ ಕೂಡ್ಲೇ ನನಗ ನಮ್ಮ ಬೀದರದ ಬಿದ್ರಿ ಸಾಮಾನು ನೆನಪಾಯ್ತು. ಬಿದ್ರಿಯವರು ಸತುದಾಗ ಜರಾ ತಾಮ್ರ ಕೂಡಿಸಿ ಎರಕ ಹೊಯ್ತಾರ, ಮ್ಯಾಲ ಗೆರಿ ಕೊರೀತಾರ, ಆ ಗೆರ್ಯಾಗ ಬೆಳ್ಳಿ ತಂತಿ ಬಡದು ಕೂಡಿಸ್ತಾರ, ಕೊನಿಗಿ ಬೀದರ ಕಿಲ್ಲೇದ ಹಳೇ ಮಣ್ಣು ಹಾಕಿ ಕಾಸಿದ ನೀರಿನಾಗ ಅದ್ದತಾರ. ಲೋಹ ಕರ್ರಗ ಆಗ್ತದ, ಬೆಳ್ಳಿ ಹಂಗೇ ಹೊಳೀತದ. ಅವರ ಕೈಕಸಬಿನ ಮುಂದ ನಂದು ಹುಡುಗಾಟ, ಖರೆ. ಆದ್ರ ಎರಡು ಪ್ಲೇಟ್ ಫೋಟೋ ಚೌಕಟ್ಟಿನಾಗ ಗಾಜು ಹಾಕಿ ಕೂಡಿಸೀನಿ. ದೂರದಿಂದ ನೋಡಿದೋರು "ಬೀದರದಿಂದ ತಂದ್ರಿ ಏನು?" ಅಂತ ಕೇಳ್ಯಾರ.

ಗಾಜು ಯಾಕ ಹಾಕೀನಿ ಅಂದ್ರ, ಹಳೇ ಸೋಲ್ಡರಿನಾಗ ಸೀಸ ಇರ್ತದ. ಅದು ಕೈಗಿ ಹತ್ತಬಾರದು, ಬಾಯಿಗಂತೂ ಹೋಗಲೇಬಾರದು. ಈ ಪ್ಲೇಟಿನ ಮ್ಯಾಲ ಚಹಾ ಕಪ್ ಇಡೋದು, ಊಟದ ಟೇಬಲ್ ಮ್ಯಾಲ ಹಾಸೋದು ಮಾಡ್ಬ್ಯಾಡ್ರಿ. ಕೊಯ್ಲಕೂ ಹೋಗಬ್ಯಾಡ್ರಿ, ಅದರ ಧೂಳು ಎದಿಗಿ ಹೋಗ್ತದ. ಕೆಲಸ ಮುಗಿದ ಮ್ಯಾಲ ಸಬಕಾರ ಹಚ್ಚಿ ಕೈ ತೊಳ್ಕೊಂಡೇ ರೊಟ್ಟಿ ಹಿಟ್ಟಿಗಿ ಕೈ ಹಾಕ್ರಿ.

ಇನ್ನೂ ಮೂರು ಮಾತು, ಅಪ್ಪ ನಮಗ ಸಣ್ಣೋರಿದ್ದಾಗಿನಿಂದ ಹೇಳಿದ್ದು. ಒಂದು, ಹಳೇ ದಪ್ಪ ಟೀವಿ ಹಿಂದಿನ ಢಕಣಿ ಬಿಚ್ಚಬ್ಯಾಡ್ರಿ. ಕರೆಂಟ್ ತೆಗೆದ ಮ್ಯಾಲೂ ಪಿಕ್ಚರ್ ಟ್ಯೂಬಿನಾಗ ಶಾಕ್ ಉಳಿದಿರ್ತದ. ಟ್ಯೂಬ್ ಒಳಗ ಗಾಳಿ ಇರಂಗಿಲ್ಲ, ಒಡೆದ್ರ ಗಾಜು ಸಿಡೀತದ, ಆ ಗಾಜಿನಾಗೂ ಸೀಸ ಅದ. ಎರಡು, ಮೊಬೈಲಿನ ಉಬ್ಬಿದ ಬ್ಯಾಟರಿಗಿ ಸೂಜಿ, ಸ್ಕ್ರೂಡ್ರೈವರ್ ತಾಗಿಸ್ಬ್ಯಾಡ್ರಿ, ಬೆಂಕಿ ಹತ್ತತದ. ಮೊಬೈಲ್ ನೋಡಿದ ಮ್ಯಾಲ ಅಪ್ಪ ಈ ಮಾತು ಕೂಡಿಸಿದ್ದ. ಮೂರು, ತಾಮ್ರ ತೆಗೀಲಕ ವಾಯರ್ ಸುಡೋದು. ಅದರ ಹೊಗಿ ವಿಷ. ನಮ್ಮ ಹಿತ್ತಲಾಗ ಯಾರರೆ ಸುಟ್ರ ಅಪ್ಪ ಬೈತಿದ್ದ. ಇಂಥ ಸಾಮಾನು ಕಸದ ಗಾಡಿಗೂ ಹಾಕಬಾರದು. 2023ರ ಏಪ್ರಿಲ್ ಒಂದರಿಂದ ಇ-ತ್ಯಾಜ್ಯದ ಹೊಸ ನಿಯಮ ಬಂದಾವ, ಸಾಮಾನು ಮಾಡಿದ ಕಂಪನಿಯವರೇ ಹಳೇದರ ಜವಾಬ್ದಾರಿ ಹೊರಬೇಕು. ಹೊಸ ಟೀವಿ ತೊಗೊಳ್ಳುವಾಗ ಹಳೇದು ವಾಪಸ್ ತೊಗೋತೀರಿ ಏನು ಅಂತ ಅಂಗಡ್ಯಾಗ ಕೇಳ್ರಿ. ಕೇಳಿದ್ರ ತಪ್ಪೇನಿಲ್ಲ.

ಇನ್ನ ರೇಡಿಯೋ ಡಬ್ಬಿ.

ಎರಡು ಚೀಲದಾಗ ಒಳ್ಳೇದು ಅಂದ್ರ ಅದೇ ಇತ್ತು. ತೇಗಿನ ಬಣ್ಣದ ಕಟ್ಟಿಗಿ, ಮುಂದ ಬಂಗಾರ ಬಣ್ಣದ ಜಾಳಗಿ ಅರಿವಿ, ಎರಡು ದಪ್ಪ ಗುಂಡಿ. ನಾ ಏನು ಮಾಡಿದೆ, ಹಿಂದಿನ ರಟ್ಟು ತೆಗೆದು, ಒಳಗಿನ ಮಶೀನ ಪೂರಾ ಹೊರಗ ಎಳೆದೆ. ಭಾಳ ವಜ್ಜಿ ಇತ್ತು. ಓಣ್ಯಾಗ ಬಂದ ಭಂಗಾರದವನಿಗಿ ಕೊಟ್ಟೆ, ಅರವತ್ತು ರೂಪಾಯಿ ಬಂತು, ಅದರಾಗ ಪಾಲಿಶ್ ಪೇಪರ್ ಮತ್ತ ವಾರ್ನಿಶ್ ತಂದೆ. ಮಜಾ ಅನಿಸ್ತು, ರೇಡಿಯೋ ಮಾರಿ ರೇಡಿಯೋಕ್ಕೇ ಬಣ್ಣ.

ಎರಡನೇ ದಿನ ಡಬ್ಬಿ ಒಳಗ ಪಾಲಿಶ್ ಪೇಪರ್ ತಿಕ್ಕುವಾಗ ಮ್ಯಾಲಿನ ಹಲಗಿಗಿ ಒಂದು ಕಾಗದ ಅಂಟಿಸಿದ್ದು ಕಂಡಿತು. ಅಪ್ಪನ ಅಕ್ಷರ. ಅಪ್ಪನ "ರ" ಯಾವಾಗಲೂ ಬೋರಲ ಮಲಗಿದಂಗ ಇರ್ತಿತ್ತು, ಗುರ್ತು ಸಿಕ್ಕಿತು. ಒಂದು ಹೆಸರು, ಅದರ ಕೆಳಗ "ಹುಡಗಿ, ಹನಮಪ್ಪನ ಗುಡಿ ಬಾಜೂಕ". ಆಮ್ಯಾಲ "ಆವಾಜ ಇಲ್ಲ. ವಾಲ್ವ್ 1. ಮುಂಗಡ 10. ಬಾಕಿ 35." ಜೂನ್ 1989. ಕೊನಿಗಿ ಬ್ಯಾರೆ ಶಾಯಿದಾಗ ಒಂದೇ ಶಬ್ದ: "ಆಗ್ಯದ."

ಅಂದ್ರ ರೇಡಿಯೋ ನಮ್ದಲ್ಲ. ಯಾರೋ ರಿಪೇರಿಗಿ ಕೊಟ್ಟಿದ್ದು. ಅಪ್ಪ ರಿಪೇರಿ ಮಾಡಿ, ಅವರು ಬರ್ತಾರ ಅಂತ ಮೂವತ್ತು ವರ್ಷದ ಮ್ಯಾಲ ಇಟ್ಕೊಂಡಿದ್ದ. ನಾ ಎರಡು ದಿನದಾಗ ಅದರ ಹೊಟ್ಟಿ ಬಗೆದು ಮಾರಿಬಿಟ್ಟಿದ್ದೆ.

ನಿಮಗ ಇದು ಸಣ್ಣ ಮಾತು ಅನಿಸಬಹುದು. ನಮ್ಮ ಮನ್ಯಾಗ ಸಣ್ಣದಿರಲಿಲ್ಲ. ಅಂಗಡ್ಯಾಗ ಹತ್ತು ರೇಡಿಯೋ ಇದ್ರೂ ಅಪ್ಪ ಮನಿಗಿ ಒಂದೂ ತಂದು ಹಚ್ಚತಿರಲಿಲ್ಲ. "ಮಂದಿ ಸಾಮಾನು" ಅಂತಿದ್ದ. ನಾವು ಹಾಡು ಕೇಳಬೇಕಂದ್ರ ಬಾಜೂಮನಿ ಕಟ್ಟಿ ಮ್ಯಾಲ ಹೋಗಿ ಕೂಡ್ತಿದ್ವಿ. ರೇಡಿಯೋ ರಿಪೇರಿ ಮಾಡೋನ ಮಕ್ಕಳು ಮಂದಿ ರೇಡಿಯೋ ಕೇಳಿ ದೊಡ್ಡೋರಾಗೀವಿ.

ಸಂಜಿಕಿ ಭಂಗಾರದ ಅಡ್ಡಾಕ್ಕ ಓಡಿದೆ. ಮಶೀನ ಆಗಲೇ ಒಡೆದು ತಾಮ್ರ ಬ್ಯಾರೆ, ಕಬ್ಬಿಣ ಬ್ಯಾರೆ ಮಾಡಿದ್ರು. ಅಣ್ಣಗ ಫೋನ್ ಹಚ್ಚಿದೆ. "ಹುಚ್ಚಿ ಏನು ನೀ, ಅವರೇ ನಮಗ ಮೂವತ್ತೈದು ರೂಪಾಯಿ ಕೊಡಬೇಕು" ಅಂದ. ಆಮ್ಯಾಲ ಅವ್ವ ಫೋನ್ ತೊಗೊಂಡ್ಳು. ಎಲ್ಲಾ ಕೇಳಿ ಜರಾ ಹೊತ್ತು ಸುಮ್ಮನಿದ್ದು, "ರೊಕ್ಕ ಅವರದು ಬಾಕಿ, ರೇಡಿಯೋ ನಮ್ದು ಬಾಕಿ. ಡಬ್ಬಿ ತೊಗೊಂಡು ಬಾ" ಅಂದ್ಳು.

ಮುಂದಿನ ಐತವಾರ ನಾನೂ ಅವ್ವನೂ ಹುಮನಾಬಾದದಿಂದ ಹುಡಗಿಗಿ ಹೋದ್ವಿ. ಡಬ್ಬಿ ಹಳೇ ಚಾದರದಾಗ ಸುತ್ತಿದ್ದೆ. ಆಟೋದಾಗ ಕುಂತಾಗ ನನ್ನ ಎದಿ ಢವಢವ ಅಂತಿತ್ತು. ಚೀಟ್ಯಾಗಿನ ಹೆಸರು ಹೇಳಿದ ಕೂಡ್ಲೇ ಗುಡಿ ಕಟ್ಟಿ ಮ್ಯಾಲ ಕುಂತೋರು, "ಅವರು ಹೋಗಿ ಭಾಳ ವರ್ಷ ಆಯ್ತಲ್ಲವ್ವಾ, ಆಯಿ ಒಬ್ಬಾಕಿ ಇದ್ದಾಳ ನೋಡ್ರಿ" ಅಂತ ಮನಿ ತೋರಿಸಿದ್ರು.

ಆಯಿಗಿ ಎಂಬತ್ತರ ಹತ್ತರ ಇರಬೇಕು. ಬಾಗಿಲಾಗ ಕುಂತು ತೊಗರಿ ಹಸನ ಮಾಡ್ಲಕತ್ತಿದ್ಳು. ನಾ ಚಾದರ ಬಿಚ್ಚಿದೆ. ಆಯಿ ಡಬ್ಬಿ ಮ್ಯಾಲ ಕೈ ಆಡಿಸಿ, ಒಂದು ಮೂಲಿ ಹತ್ತರ ಬಟ್ಟು ನಿಲ್ಲಿಸಿದ್ಳು. ಅಲ್ಲಿ ಒಂದು ಕರೀ ಸುಟ್ಟ ಗುರ್ತು ಇತ್ತು, ಎಷ್ಟು ತಿಕ್ಕಿದ್ರೂ ಹೋಗಿರಲಿಲ್ಲ. "ಇದು ನನ್ನ ಊದಿನಕಡ್ಡಿ" ಅಂದ್ಳು. ಆಮ್ಯಾಲ ಅವ್ವನ ಮುಖ ನೋಡಿ, "ರೇಡಿಯೋದವರ ಮನ್ಯಾಕಿ ಏನು ನೀ?" ಅಂತ ಕೇಳಿದ್ಳು. ಅವ್ವ ಹೌದಂದ್ಳು.

ಆಯಿ ಎದ್ದು ಒಳಗ ಹೋದ್ಳು. ನೀರ ತರ್ತಾಳ ಅಂತ ನಾ ತಿಳಿದೆ. ಬರುವಾಗ ಕೈಯಾಗ ಸಂಚಿ ಇತ್ತು. ಅದರಾಗಿಂದ ಐವತ್ತರ ನೋಟ್ ತೆಗೆದು ಅವ್ವನ ಮುಂದ ಹಿಡಿದ್ಳು. ನಾವು ಬಾಕಿ ವಸೂಲಿಗಿ ಬಂದೀವಿ ಅಂತ ತಿಳ್ಕೊಂಡಿದ್ಳು.

"ರೇಡಿಯೋ ಕೊಟ್ಟ ವರ್ಷ ಮಳಿಗಾಲದಾಗೇ ಅವರು ಹೋದ್ರು. ಮೂವತ್ತೈದು ರೂಪಾಯಿ ಆಗ ಎಲ್ಲಿಂದ ತರ್ಲಿ? ಮೂರು ಹುಡುಗ್ರು. ಬಿತ್ತನಿಗೇ ಸಾಲ ಮಾಡೀನಿ. ಸಂತಿಗಿ ಬಂದಾಗೆಲ್ಲಾ ನಿಮ್ಮ ಅಂಗಡಿ ಬಂದ್ರ ಆ ಮಗ್ಗಲಿಗಿ ದಾಟಿ ಹೋಗ್ತಿದ್ದೆ. ನಿನ್ನ ಗಂಡ ಕಂಡ್ರ ಕೇಳ್ತಾನ ಅಂತ" ಅಂದ್ಳು.

ನನ್ನ ಅಪ್ಪ ಇಲ್ಲಿ ದಾರಿ ಕಾಯ್ಲಕತ್ತಿದ್ದ, ಆಕಿ ಅಲ್ಲಿ ದಾರಿ ತಪ್ಪಿಸಿಕೊಂಡು ಹೋಗ್ತಿದ್ಳು. ಎಷ್ಟು ಸಂತಿ ಹಂಗ ಹೋಗ್ಯಾವೋ.

"ಬ್ಯಾಡ ಆಯಿ, ರೊಕ್ಕ ಬ್ಯಾಡ" ಅಂತ ನಾ ಅಂದೆ. ಅವ್ವ ನನ್ನ ಮೊಣಕೈ ಚಿವುಟಿದ್ಳು. ನೋಟ್ ಎರಡೂ ಕೈಯಿಂದ ತೊಗೊಂಡು, ತನ್ನ ಸಂಚಿ ಬಿಚ್ಚಿ, ಹತ್ತರದೊಂದು ನೋಟ್, ಐದರದೊಂದು ಬಿಲ್ಲಿ ಹುಡುಕಿ ವಾಪಸ್ ಕೊಟ್ಟಳು. "ಲೆಕ್ಕ ಮುಗೀತಕ್ಕಾ" ಅಂದ್ಳು. ಆಯಿ ಮುಖದ ಮ್ಯಾಲಿನ ಬಿಗಿ ಸಡಿಲಾಗಿದ್ದು ನಾ ಕಣ್ಣಾರೆ ನೋಡಿದೆ. ನನ್ನ ಮಾತು ಕೇಳಿ ರೊಕ್ಕ ಬಿಟ್ಟಿದ್ರ ಆಯಿ ನಮ್ಮ ಮುಂದ ಸಣ್ಣಾಕಿ ಆಗಿ ಉಳೀತಿದ್ಳು. ಈ ವಯಸ್ಸಿನಾಗ ನನಗ ಅಷ್ಟೂ ತಿಳೀಲಿಲ್ಲ, ಅವ್ವಗ ತಿಳೀತು.

ಈಗ ನನ್ನ ಸರತಿ. ಒಳಗಿನ ಮಶೀನ ಮಾರೀನಿ, ರೇಡಿಯೋ ಇನ್ನ ಮಾತಾಡಂಗಿಲ್ಲ, ಅಲಂಕಾರಕ್ಕ ಅಂತ ಬಿಚ್ಚಿದ್ದೆ, ತಪ್ಪಾಯ್ತು ಅಂತ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಆಯಿ ಡಬ್ಬಿ ಹಿಂದಿನಿಂದ ಇಣುಕಿ ನೋಡಿದ್ಳು, ಖಾಲಿ. ಬೈಲಿಲ್ಲ. ಜರಾ ಹೊತ್ತಾದ ಮ್ಯಾಲ ಮುಂದಿನ ಬಲಗಡಿ ಗುಂಡಿ ಹಿಡಿದು ತಿರುವಿದ್ಳು. ಸುಮ್ಮನ ತಿರಗ್ತು.

"ಇದನ್ನ ಅವರು ಯಾರಿಗೂ ಮುಟ್ಟಗೊಡ್ತಿರಲಿಲ್ಲ. ಎಡಗಡಿದು ನಾ ತಿರುವ್ತಿದ್ದೆ, ಆವಾಜ ಸಣ್ಣ ಮಾಡ್ಲಕ, ಹುಡುಗ್ರು ಮಲಗಿದಾಗ. ಇದು ಮಾತ್ರ ಅವರದೇ ಕೈ" ಅಂದ್ಳು. ಮತ್ತೊಮ್ಮೆ ತಿರುವಿದ್ಳು. "ಇದೊಂದು ನನಗ ಕಿತ್ತು ಕೊಡವ್ವಾ. ಡಬ್ಬಿ ತೊಗೊಂಡು ಏನು ಮಾಡ್ಲಿ, ಮಾಳಿಗಿ ಸೋರ್ತದ. ನೀ ಇಟ್ಕೋ. ಮಾಡ್ಲಕತ್ತೀದಿ ಅಲ್ಲ, ಚಂದ ಮಾಡು."

ಗುಂಡಿ ಎಳೆದು ಕೊಟ್ಟೆ. ಆಯಿ ಅದನ್ನ ಸಂಚ್ಯಾಗ ಎಲಿ, ಅಡಕಿ ಜೋಡಿ ಹಾಕ್ಕೊಂಡ್ಳು. ಆಮ್ಯಾಲ ನಮಗ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಊಟಕ್ಕ ನೀಡಿದ್ಳು. ಅವ್ವ ಮತ್ತ ಆಯಿ ಸಂಜಿತನ ಮಾತಾಡಿದ್ರು. ನಾ ಕುಂತು ಉಳಿದ ತೊಗರಿ ಹಸನ ಮಾಡಿದೆ.

ಮನಿಗಿ ಬಂದು ಡಬ್ಬಿಗಿ ವಾರ್ನಿಶ್ ಮುಗಿಸಿದೆ. ಒಳಗ ಒಂದು ಹಲಗಿ ಹಾಕಿದೆ. ಲೈಟಿಗಿ ಮನಿ ಕರೆಂಟ್ ಕಟ್ಟಿಗಿ ಒಳಗ ಎಳೀಲಿಲ್ಲ, ಮೊಬೈಲ್ ಚಾರ್ಜರಿಗಿ ಹಚ್ಚೋ ಎಲ್‌ಇಡಿ ಪಟ್ಟಿ ಸಿಗ್ತದಲ್ಲ, ಅದೇ ಹಿಂದಿನಿಂದ ಅಂಟಿಸೀನಿ. ಬಿಸಿ ಆಗಂಗಿಲ್ಲ, ಶಾಕ್ ಹೊಡಿಯಂಗಿಲ್ಲ. ಜಾಳಗಿ ಅರಿವಿ ಹಳೇದೇ ಇಟ್ಟೀನಿ, ಹಿಂದ ಲೈಟ್ ಬಿದ್ರ ಸಂಜಿಕಿ ಭಾಳ ಚಂದ ಕಾಣ್ತದ. ಊದಿನಕಡ್ಡಿ ಸುಟ್ಟ ಗುರ್ತು ತಿಕ್ಕಲಿಲ್ಲ. ಗುಂಡಿ ಇದ್ದ ಜಾಗಾದಾಗ ಒಂದು ಕಡ್ಡಿ ಮಾತ್ರ ಹೊರಗ ಬಂದದ. ಹುಡುಗಿ ಅದಕ್ಕ ಬಾಟ್ಲಿ ಮುಚ್ಚಳ ಕೂಡಿಸ್ತೀನಿ ಅಂದ್ಳು, ಬ್ಯಾಡ ಅಂದೀನಿ.

ಆಮ್ಯಾಲ ನಾನೂ ಅವ್ವನೂ ಎರಡೂ ಚೀಲ ನೆಲಕ್ಕ ಸುರುವಿ ಒಂದೊಂದೇ ನೋಡಿದ್ವಿ. ಇನ್ನೂ ಆರು ಚೀಟಿ ಸಿಕ್ಕವು. ನಾಕು ಮನಿ ಪತ್ತೆ ಆದವು. ಒಬ್ಬರು ಟೇಪ್ ರೆಕಾರ್ಡರ್ ವಾಪಸ್ ತೊಗೊಂಡ್ರು, ಒಳಗ ಅವರ ತಂಗಿ ಲಗ್ನದ ಕ್ಯಾಸೆಟ್ ಇತ್ತು. ಉಳಿದ ಮೂರು ಮನಿಯವರು ನಕ್ಕು, "ನೀವೇ ಇಟ್ಕೊಳ್ರಿ" ಅಂದ್ರು. ಕೇಳಿದ ಮ್ಯಾಲ ಇಟ್ಕೊಳ್ಳೋದು ಬ್ಯಾರೆ, ಕೇಳದೇ ಇಟ್ಕೊಳ್ಳೋದು ಬ್ಯಾರೆ. ಇನ್ನೆರಡು ಚೀಟಿ ಸಾಮಾನು ಹಂಗೇ ಕಟ್ಟಿ ಇಟ್ಟೀನಿ, ಬಿಚ್ಚಿಲ್ಲ.

ಅದಕ್ಕ ನೀವು ಹಳೇ ಸಾಮಾನು ಬಿಚ್ಚೋಕಿಂತ ಮದಲ ಒಳಗ, ಕೆಳಗ, ಹಿಂದ ನೋಡ್ರಿ. ಚೀಟಿ, ಕ್ಯಾಸೆಟ್, ಫೋಟೋ, ಮೊಬೈಲ್ ಆದ್ರ ಒಳಗಿನ ಕಾರ್ಡ್, ಏನರೆ ಇರ್ತದ. ಮನ್ಯಾಗ ಹಿರಿಯೋರು ಇದ್ರ ಇದು ಯಾರದು ಅಂತ ಒಂದು ಮಾತು ಕೇಳ್ರಿ. ಗಂಡನ ಮನಿ ಅಟ್ಟದ ಮ್ಯಾಲಿನ ಸಾಮಾನಾದ್ರ ಎರಡು ಸಲ ಕೇಳ್ರಿ.

ಮೂವತ್ತೈದು ರೂಪಾಯಿ ಅವ್ವ ಅಪ್ಪನ ಹಳೇ ಗಲ್ಲಾದಾಗ ಹಾಕ್ಯಾಳ. ಚೀಟಿ ಮಾತ್ರ ಡಬ್ಬಿ ಒಳಗೇ ಅದ, ತೆಗೆದಿಲ್ಲ. ಅಪ್ಪ "ಆಗ್ಯದ" ಅಂತ ಬರೆದ ಕೆಳಗ ಅವ್ವ ನನ್ನ ಪೆನ್ನು ಇಸ್ಕೊಂಡು, ತನಗ ಬರೋ ಅಷ್ಟು ಅಕ್ಷರದಾಗ "ಮುಟ್ಯದ" ಅಂತ ಬರೆದಾಳ. ಮುಂದಿನ ಸಲ ಬಂದಾಗ ಇಣುಕಿ ನೋಡ್ರಿ. ಗುಂಡಿ ಎಲ್ಲಿ ಅಂತ ಮತ್ತ ಕೇಳಬ್ಯಾಡ್ರಿ.